ಬಿಟ್ಟ ಕಸುಬು, ಹೊಸ ಜಿಪ್

*ಇಂದಿನ ಧಮ್ಮ ಚಿಂತನೆ*

 



ಕಳೆದ ವಾರ ನಮ್ಮ ಬಳಗದ ಕಿರಿಯ ಉಪಾಸಕರೊಬ್ಬರು ಗುಂಪಿನಲ್ಲಿ ಒಂದು ಪ್ರಶ್ನೆ ಹಾಕಿದ್ದರು. ಅವರ ಕಚೇರಿಯ ಮೇಡಂ ಒಬ್ಬರ ಹತ್ತಿರ ಕೈಯಿಂದ ಹೊಲಿದ ಚರ್ಮದ ಬ್ಯಾಗ್ ಇದೆ. ಒಳ್ಳೆಯ ಬ್ಯಾಗು, ಆದರೆ ಬಾಯಿ ತೆರೆದೇ ಇರುತ್ತದೆ. ತುಂಬಿದ ಬಸ್ಸಿನಲ್ಲಿ ಪರ್ಸು, ಮೊಬೈಲು ಹೋದೀತೆಂದು ಅವರಿಗೆ ಭಯ. ಈ ಉಪಾಸಕರು ಕಿತ್ತುಹೋದ ತಮ್ಮ ಬೆಲ್ಟನ್ನು ತಾವೇ ಹೊಲಿದುಕೊಂಡದ್ದನ್ನು ಆ ಮೇಡಂ ನೋಡಿದ್ದಾರೆ. "ಇಷ್ಟು ಚೆನ್ನಾಗಿ ಹೊಲಿಯುತ್ತೀರಲ್ಲ, ನನ್ನ ಬ್ಯಾಗಿಗೂ ಒಂದು ಜಿಪ್ ಹಾಕಿಕೊಡ್ತೀರಾ? ದುಡ್ಡು ಕೊಡ್ತೀನಿ" ಎಂದು ಕೇಳಿದ್ದಾರೆ. ಇವರು "ನೋಡಿ ಹೇಳ್ತೀನಿ ಮೇಡಂ" ಎಂದು ಬಂದಿದ್ದಾರೆ.

ಕೆಲಸ ಇವರಿಗೆ ಗೊತ್ತು. ಚಿಕ್ಕಂದಿನಲ್ಲಿ ಅಪ್ಪನ ಪಕ್ಕ ಕೂತು ಕಲಿತದ್ದು. ಆದರೆ ಅಪ್ಪ ಧಮ್ಮ ದೀಕ್ಷೆ ತೆಗೆದುಕೊಂಡ ಮೇಲೆ ಆ ಕಸುಬು ಬಿಟ್ಟರು. ಮನೆಯಲ್ಲಿ ಅದರ ಮಾತೂ ನಿಂತುಹೋಯಿತು. "ಈಗ ನಾನು ಈ ಜಿಪ್ ಹೊಲಿದರೆ ಅಪ್ಪ ಬಿಟ್ಟದ್ದನ್ನು ಮತ್ತೆ ಹಿಡಿದ ಹಾಗೆ ಆಗುತ್ತದೆಯೇ?" ಇದು ಅವರ ಪ್ರಶ್ನೆ.

ಗುಂಪಿನಲ್ಲಿ ಮೂರು ಬಗೆಯ ಉತ್ತರ ಬಂತು. ಹಿರಿಯರೊಬ್ಬರು, "ಬೇಡಪ್ಪ. ನಮ್ಮ ಹಿರೀಕರು ರಂಪಿಗೆ ಬಿಸಾಕಿದ್ದು ನೀನು ಮತ್ತೆ ಎತ್ತಿಕೊಳ್ಳಲಿ ಅಂತಲ್ಲ" ಎಂದರು. ಉಪಾಸಿಕೆಯೊಬ್ಬರು, "ಕಷ್ಟ ಅಂತ ಕೇಳಿದ್ದಾರೆ. ಕರುಣೆಯಿಂದ ಮಾಡಿಕೊಡು, ದುಡ್ಡು ಮಾತ್ರ ತಗೋಬೇಡ" ಎಂದರು. ಯುವಕರೊಬ್ಬರು, "ಅಣ್ಣ, ಇದರಲ್ಲೇನಿದೆ? ಕೆಲಸ ಮಾಡು, ರೇಟು ತಗೋ. ಹ್ಯಾಂಡ್‌ಮೇಡ್ ಅಂದರೆ ಈಗ ಎಷ್ಟು ಬೆಲೆ ಇದೆ ಗೊತ್ತಾ?" ಎಂದರು.

ಒಂದು ಜಿಪ್ಪಿನ ವಿಷಯಕ್ಕೆ ಇಷ್ಟು ಚರ್ಚೆ ಬೇಕೇ ಎಂದು ಹೊರಗಿನವರು ಕೇಳಬಹುದು. ನಮಗೆ ಬೇಕು. ಬೇರೆಯವರ ಮನೆಯಲ್ಲಿ ಇದು ಹವ್ಯಾಸ. ನಮ್ಮ ಮನೆಯಲ್ಲಿ ಇದೇ ಕೆಲಸ ಮೂರು ತಲೆಮಾರಿನ ಅವಮಾನ ಮತ್ತು ಒಂದು ತಲೆಮಾರಿನ ಬಿಡುಗಡೆ. ಮೂರೂ ಉತ್ತರಗಳಲ್ಲಿ ಸತ್ಯವಿದೆ. ಆದ್ದರಿಂದ ಮೂರನ್ನೂ ಒಂದೊಂದಾಗಿ ನೋಡೋಣ.

*1. "ಬೇಡ" ಎಂದ ಹಿರಿಯರ ಮಾತು*

ಈ ಮಾತನ್ನು ಹಳೆಯ ಕಾಲದ ಮಾತು ಎಂದು ತಳ್ಳಿಬಿಡಬಾರದು. ಅದರ ಹಿಂದೆ ಚರಿತ್ರೆ ಇದೆ.

ನಮ್ಮ ಕೇರಿಗಳಲ್ಲಿ ಚರ್ಮದ ಕೆಲಸ ಎಂದರೆ ಬರೀ ಹೊಲಿಗೆಯಲ್ಲ. ಸತ್ತ ದನ ಎಳೆಯುವುದು, ಸುಲಿಯುವುದು, ಹದ ಮಾಡುವುದು, ಊರಿನವರಿಗೆ ಮೆಟ್ಟು ಹೊಲಿಯುವುದು, ಕಪಿಲೆ ಬಾವಿಗೆ ಮಿಣಿ ಮಾಡಿಕೊಡುವುದು, ಎಲ್ಲವೂ ಒಂದೇ ಹಗ್ಗದಲ್ಲಿ ಕಟ್ಟಿದ ಗಂಟು. ಕೂಲಿ ಎಂಬುದಿಲ್ಲ. ಸುಗ್ಗಿಯಲ್ಲಿ ಅವರು ಸುರಿದಷ್ಟು ಕಾಳು. ಮೆಟ್ಟು ಹೊಲಿದುಕೊಟ್ಟವನು ಅದನ್ನು ಮೆಟ್ಟಿಕೊಂಡು ಮೇಲಿನವರ ಬೀದಿಯಲ್ಲಿ ನಡೆಯುವ ಹಾಗಿರಲಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, "ಇವತ್ತು ಆಗುವುದಿಲ್ಲ" ಎಂದು ಹೇಳುವ ಹಾಗಿರಲಿಲ್ಲ.

1927ರಲ್ಲಿ ಮಹಾಡ್‌ನಲ್ಲಿ ಬಾಬಾಸಾಹೇಬರು ಸತ್ತ ದನದ ಮಾಂಸ ಬಿಡಿ, ಊರಿನವರು ಕೊಡುವ ಎಂಜಲು ಬಿಡಿ ಎಂದು ಕರೆ ಕೊಟ್ಟರು. ಮಾರನೆಯ ವರ್ಷ ಮುಂಬಯಿ ಶಾಸನ ಸಭೆಯಲ್ಲಿ, ವಂಶಪಾರಂಪರ್ಯ ಚಾಕರಿಯ ಕಟ್ಟನ್ನು ಸಡಿಲಿಸಲು ಮಸೂದೆ ಮಂಡಿಸಿದರು. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ದೀಕ್ಷೆ ಕೊಟ್ಟ ಮರುದಿನದ ಭಾಷಣದಲ್ಲೂ ಈ ವಿಷಯ ಬಂತು. ದನದ ಹೆಣ ಎಳೆಯುವುದನ್ನು ಬಿಟ್ಟರೆ ಚರ್ಮ, ಕೊಂಬುಗಳ ಲಾಭ ಕಳೆದುಕೊಳ್ಳುತ್ತೀರಿ ಎಂದು ಲೆಕ್ಕ ಹೇಳಿದವರಿಗೆ ಅವರ ಉತ್ತರದ ಸಾರ ಇಷ್ಟು: ಅಷ್ಟು ಲಾಭವಿದ್ದರೆ ಆ ಕೆಲಸವನ್ನು ನೀವೇ ಏಕೆ ಮಾಡಬಾರದು? 2016ರಲ್ಲಿ ಗುಜರಾತಿನ ಊನಾದಲ್ಲಿ ಸತ್ತ ಹಸುವಿನ ಚರ್ಮ ಸುಲಿದ ಯುವಕರನ್ನು ಸಾರ್ವಜನಿಕವಾಗಿ ಥಳಿಸಿದರು. ಅಲ್ಲಿಯ ದಲಿತರಲ್ಲಿ ಅನೇಕರು ಇನ್ನು ಹೆಣ ಎತ್ತುವುದಿಲ್ಲ ಎಂದು ಪ್ರತಿಜ್ಞೆ ಮಾಡಿದರು. ಹಲ್ಲೆಗೊಳಗಾದವರು 2018ರಲ್ಲಿ ತಮ್ಮ ಹಳ್ಳಿ ಮೋಟಾ ಸಮಢಿಯಾಳದಲ್ಲಿ ಬೌದ್ಧ ದೀಕ್ಷೆ ಪಡೆದರು. ಹಿರಿಯರ "ಬೇಡ" ಈ ದಾರಿಯಲ್ಲಿ ನಡೆದು ಬಂದ ಮಾತು.

ವಿನಯ ಪಿಟಕದಲ್ಲೂ ಇದಕ್ಕೆ ಹತ್ತಿರದ ಒಂದು ಪ್ರಸಂಗವಿದೆ. ಮೊದಲು ಕ್ಷೌರಿಕನಾಗಿದ್ದು ಆಮೇಲೆ ಭಿಕ್ಷುವಾದ ಒಬ್ಬನಿದ್ದ. ಅವನು ತನ್ನ ಮಕ್ಕಳ ಕೈಗೆ ಕ್ಷೌರದ ಸಾಮಾನು ಕೊಟ್ಟು ಮನೆಮನೆಗೆ ಕಳಿಸಿ, ಆ ನೆಪದಲ್ಲಿ ಜನರಿಂದ ಅಕ್ಕಿ, ಎಣ್ಣೆ ಕೂಡಿಸಿಕೊಂಡ. ಅದು ತಿಳಿದ ಮೇಲೆ ಭಗವಾನರು, ಹಿಂದೆ ಕ್ಷೌರಿಕನಾಗಿದ್ದವನು ಆ ಸಲಕರಣೆಗಳನ್ನು ಜೊತೆಗೆ ಇಟ್ಟುಕೊಂಡು ತಿರುಗಬಾರದು ಎಂದು ನಿಯಮ ಮಾಡಿದರು. ಕೆಲವೊಮ್ಮೆ ಸಲಕರಣೆಯನ್ನು ಕೆಳಗಿಡಲೇಬೇಕು.

ಆದರೆ ಇಲ್ಲಿ ಒಂದು ವ್ಯತ್ಯಾಸ ಗಮನಿಸಬೇಕು. ಆ ನಿಯಮ ಬಂದದ್ದು ಕ್ಷೌರ ಕೀಳು ಎಂಬ ಕಾರಣಕ್ಕಲ್ಲ. ಕೀಳು ಎಂದಾಗಿದ್ದರೆ, ಕ್ಷೌರಿಕ ಉಪಾಲಿಗೆ ಶಾಕ್ಯ ರಾಜಕುಮಾರರಿಗಿಂತ ಮೊದಲು ದೀಕ್ಷೆ ಸಿಗುತ್ತಿರಲಿಲ್ಲ. ರಾಜಕುಮಾರರು ಅವರಿಗೆ ನಮಸ್ಕರಿಸುವ ಹಾಗೆ ಆಗುತ್ತಿರಲಿಲ್ಲ, ಅವರು ವಿನಯದಲ್ಲಿ ಅಗ್ರರು ಎನಿಸಿಕೊಳ್ಳುತ್ತಲೂ ಇರಲಿಲ್ಲ. ತಪ್ಪು ಇದ್ದದ್ದು ಆ ಭಿಕ್ಷು ಕೆಲಸವನ್ನು ಬಳಸಿಕೊಂಡ ರೀತಿಯಲ್ಲಿ.

ಹಾಗಾದರೆ ನಮ್ಮ ಹಿರೀಕರು ಬಿಟ್ಟದ್ದು ಏನು? ಬಾಬಾಸಾಹೇಬರು 1936ರ 'ಜಾತಿ ವಿನಾಶ'ದಲ್ಲಿ ಇದನ್ನು ಬಿಡಿಸಿ ಹೇಳಿದ್ದಾರೆ. ಜಾತಿ ಎಂಬುದು ಕೆಲಸದ ವಿಭಜನೆಯಷ್ಟೇ ಅಲ್ಲ, ಕೆಲಸಗಾರರನ್ನೇ ಮೇಲು ಕೀಳಾಗಿ ಒಡೆದಿಡುವ ವ್ಯವಸ್ಥೆ. ಮನುಷ್ಯನ ಸಾಮರ್ಥ್ಯವನ್ನೂ ಇಷ್ಟವನ್ನೂ ಅದು ಕೇಳುವುದಿಲ್ಲ. ಹುಟ್ಟನ್ನು ಕೇಳುತ್ತದೆ. ನಮ್ಮ ಹಿರೀಕರು ಬಿಟ್ಟದ್ದು ಈ ಕಟ್ಟನ್ನು. ಕೆಲಸ ಆ ಕಟ್ಟಿಗೆ ಬಿಗಿದುಕೊಂಡಿತ್ತು, ಆದ್ದರಿಂದ ಕೆಲಸವನ್ನೂ ಬಿಡಬೇಕಾಯಿತು. ಹಗ್ಗ ಕಡಿಯುವಾಗ ಗಂಟಿನಲ್ಲಿ ಏನೇನಿದೆ ಎಂದು ವಿಂಗಡಿಸುತ್ತ ಕೂರಲು ಅವರಿಗೆ ಸಮಯವಿರಲಿಲ್ಲ. ಆ ಸಮಯವನ್ನು ನಮಗೆ ಸಂಪಾದಿಸಿಕೊಟ್ಟದ್ದೇ ಅವರು.

*2. ಚರ್ಮ ಮತ್ತು ಸಮ್ಮಾ ಆಜೀವ*

22 ಪ್ರತಿಜ್ಞೆಗಳಲ್ಲಿ ಅಷ್ಟಾಂಗ ಮಾರ್ಗವನ್ನು ಅನುಸರಿಸುತ್ತೇನೆ ಎಂಬುದೂ ಒಂದು. ಅದರಲ್ಲಿ ಸಮ್ಮಾ ಆಜೀವ, ಅಂದರೆ ಸರಿಯಾದ ಜೀವನೋಪಾಯ, ಒಂದು ಅಂಗ. ಅಂಗುತ್ತರ ನಿಕಾಯದಲ್ಲಿ ಉಪಾಸಕರು ಮಾಡಬಾರದ ಐದು ವ್ಯಾಪಾರಗಳ ಪಟ್ಟಿ ಇದೆ: ಆಯುಧ, ಜೀವಿಗಳು, ಮಾಂಸ, ಮದ್ಯ, ವಿಷ. ಚರ್ಮದ ಹೊಲಿಗೆ ಆ ಪಟ್ಟಿಯಲ್ಲಿಲ್ಲ.

ಹಾಗೆಂದು ಭಗವಾನರು ಚರ್ಮದ ವಿಷಯವನ್ನು ಹಗುರವಾಗಿ ಬಿಟ್ಟವರೂ ಅಲ್ಲ. ವಿನಯದಲ್ಲಿ ಚರ್ಮದ ಬಗ್ಗೆಯೇ ಒಂದು ಅಧ್ಯಾಯವಿದೆ, ಚಮ್ಮಕ್ಖಂಧಕ. ಅದರಲ್ಲಿರುವ ಎರಡು ಪ್ರಸಂಗಗಳನ್ನು ಪಕ್ಕಪಕ್ಕದಲ್ಲಿಟ್ಟು ಓದಬೇಕು.

ಮೊದಲನೆಯದು ಸೋಣ ಕೋಳಿವಿಸರದು. ಸುಖದಲ್ಲಿ ಬೆಳೆದವರು. ಚಂಕ್ರಮಣ ಧ್ಯಾನ ಮಾಡಿ ಮಾಡಿ ಅಂಗಾಲು ಒಡೆದು, ನಡೆದ ಜಾಗವೆಲ್ಲ ರಕ್ತವಾಯಿತು. ಭಗವಾನರು ಅದನ್ನು ನೋಡಿ ಅವರಿಗೆ ಒಂದು ಪದರದ ಅಟ್ಟೆಯ ಪಾದರಕ್ಷೆಗೆ ಅನುಮತಿ ಕೊಟ್ಟರು. ಸೋಣರು, ಸಂಘಕ್ಕೆಲ್ಲ ಅನುಮತಿ ಇದ್ದರೆ ಮಾತ್ರ ನಾನೂ ಬಳಸುತ್ತೇನೆ ಎಂದರು. ಆಗ ಎಲ್ಲರಿಗೂ ಅನುಮತಿ ಸಿಕ್ಕಿತು. ಪಾದರಕ್ಷೆ ಎಂದರೆ ಅದನ್ನು ಹೊಲಿದ ಕೈ ಇದ್ದೇ ಇರುತ್ತದೆ. ಆ ಕೈಯನ್ನು ಧಮ್ಮ ಹೊರಗಿಡಲಿಲ್ಲ.

ಎರಡನೆಯದು ಒಂದು ಕರುವಿನದು. ಒಬ್ಬ ಭಿಕ್ಷು ಚುಕ್ಕೆಚುಕ್ಕೆಯ ಚೆಂದದ ಕರುವನ್ನು ಆಸೆಯಿಂದ ನೋಡುತ್ತ ನಿಂತ. ಅವನಿಗೆ ಪರಿಚಯವಿದ್ದ ಗೃಹಸ್ಥ ಆ ಕರುವನ್ನು ಕೊಂದು ಚರ್ಮ ಸುಲಿದುಕೊಟ್ಟ. ಭಿಕ್ಷು ಚರ್ಮವನ್ನು ಬಟ್ಟೆಯಲ್ಲಿ ಮುಚ್ಚಿಕೊಂಡು ಹೊರಟರೆ ತಾಯಿ ಹಸು ಅವನ ಹಿಂದೆಯೇ ನಡೆದು ಬಂತು. ಭಗವಾನರು ಅವನನ್ನು ಖಂಡಿಸಿದರು.

ಎರಡೂ ಕಡೆ ಇರುವುದು ಚರ್ಮವೇ. ಒಂದು ಕಡೆ ಅದು ಗಾಯವಾದ ಪಾದಕ್ಕೆ ರಕ್ಷೆ, ಇನ್ನೊಂದು ಕಡೆ ಆಸೆಗಾಗಿ ನಡೆದ ಕೊಲೆ. ಧಮ್ಮ ನೋಡುವುದು ವಸ್ತುವನ್ನಲ್ಲ, ಉದ್ದೇಶವನ್ನು ಮತ್ತು ಅದರಿಂದಾಗುವ ನೋವನ್ನು. ಈಗಾಗಲೇ ಇರುವ ಬ್ಯಾಗಿಗೆ ಜಿಪ್ ಹಾಕಿದರೆ ಯಾವ ಜೀವಕ್ಕೂ ಹೊಸದಾಗಿ ನೋವಿಲ್ಲ. ಇದ್ದ ವಸ್ತು ಇನ್ನಷ್ಟು ವರ್ಷ ಬಾಳುತ್ತದೆ.

*3. "ಉಚಿತವಾಗಿ ಮಾಡಿಕೊಡು" ಎಂಬ ಮಾತು*

ಇದು ಕರುಣೆಯಿಂದ ಬಂದ ಸಲಹೆ. ಆದರೂ ನನಗೆ ಇದರಲ್ಲೇ ಹೆಚ್ಚು ಎಚ್ಚರ ಬೇಕು ಎನ್ನಿಸಿತು. ನಮ್ಮವರ ಕೈಕೆಲಸ ಎಷ್ಟೋ ಶತಮಾನ ಉಚಿತವಾಗಿಯೇ ನಡೆದಿದೆ. ಅದಕ್ಕೆ ದಾನ ಎಂದು ಯಾರೂ ಹೇಳಲಿಲ್ಲ, ಬಿಟ್ಟಿ ಚಾಕರಿ ಎಂದರು. ದಾನಕ್ಕೂ ಬಿಟ್ಟಿಗೂ ಹೊರಗಿನಿಂದ ವ್ಯತ್ಯಾಸ ಕಾಣುವುದಿಲ್ಲ. ಎರಡರಲ್ಲೂ ಕೆಲಸ ನಡೆಯುತ್ತದೆ, ಹಣ ಬರುವುದಿಲ್ಲ. ವ್ಯತ್ಯಾಸ ಇರುವುದು ಒಂದೇ ಕಡೆ: ಕೊಡದೇ ಇರುವ ಸ್ವಾತಂತ್ರ್ಯ ಇದ್ದವನು ಕೊಟ್ಟರೆ ಅದು ದಾನ.

ಮಜ್ಝಿಮ ನಿಕಾಯದಲ್ಲಿ ಘಟಿಕಾರ ಎಂಬ ಕುಂಬಾರನ ಕಥೆ ಬರುತ್ತದೆ. ಕುರುಡರಾದ ವೃದ್ಧ ತಂದೆತಾಯಿಯನ್ನು ಸಾಕುತ್ತಿದ್ದವನು. ಜೀವಿಗಳಿಗೆ ನೋವಾದೀತೆಂದು ನೆಲ ಅಗೆಯದೆ, ತಾನಾಗಿ ಕುಸಿದ ದಡದ ಮಣ್ಣು, ಇಲಿಗಳು ತೋಡಿ ಹಾಕಿದ ಮಣ್ಣು ತಂದು ಮಡಕೆ ಮಾಡುತ್ತಿದ್ದ. ಬೇಕಾದವರು ಕಾಳು ಇಟ್ಟು ಮಡಕೆ ಒಯ್ಯಲಿ ಎಂದು ಬಿಡುತ್ತಿದ್ದ. ನಮ್ಮ ಉಪಾಸಿಕೆಯವರ ಸಲಹೆಗೆ ಇದಕ್ಕಿಂತ ಒಳ್ಳೆಯ ಆಧಾರ ಬೇಕಿಲ್ಲ. ಆದರೆ ಕಥೆಯ ಮುಂದಿನ ಭಾಗವನ್ನೂ ನೋಡಬೇಕು. ಕಾಶಿಯ ರಾಜ ಐನೂರು ಗಾಡಿ ಅಕ್ಕಿ ಕಳಿಸಿದಾಗ ಘಟಿಕಾರ ಅದನ್ನು ಬೇಡ ಎಂದ. ರಾಜನಿಗೆ ಕೆಲಸಕಾರ್ಯಗಳು ಬಹಳವಿರುತ್ತವೆ, ನನಗೆ ಇರುವುದು ಸಾಕು, ಅದು ಅವನಿಗೇ ಇರಲಿ ಎಂದು ವಾಪಸು ಕಳಿಸಿದ.

ರಾಜನಿಗೆ "ಬೇಡ" ಎನ್ನಬಲ್ಲ ಕುಂಬಾರ ತನ್ನ ಮಡಕೆಯನ್ನು ಬೆಲೆ ಕಟ್ಟದೆ ಕೊಡಬಹುದು. ಅವನ ಉದಾರತೆಯನ್ನು ಬಿಟ್ಟಿ ಎಂದು ಯಾರೂ ತಿಳಿಯಲಾರರು. ನಮ್ಮ ಉಪಾಸಕರು ಆ ಮೇಡಂಗೆ "ಆಗುವುದಿಲ್ಲ" ಎಂದು ಯಾವ ಅಳುಕೂ ಇಲ್ಲದೆ ಹೇಳಬಲ್ಲರೇ? ಹೇಳಬಲ್ಲರಾದರೆ "ಆಗಲಿ" ಎಂದೂ ಹೇಳಬಹುದು. ಕಚೇರಿಯಲ್ಲಿ ಅವರು ಮೇಲಿನವರು, ಬೇಸರವಾದೀತು ಎಂಬ ಹೆದರಿಕೆಯಿಂದ ಒಪ್ಪುವುದಾದರೆ, ಹಣ ಬಂದರೂ ಅದು ಹಳೆಯ ಚಾಕರಿಯೇ.

*4. "ರೇಟು ತಗೋ" ಎಂಬ ಮಾತು*

ಯುವಕರ ಮಾತಿನಲ್ಲಿ ಸ್ವಾಭಿಮಾನವಿದೆ. ಮಾತನಾಡಿಕೊಂಡ ಬೆಲೆ, ಕೈಗೆ ಕೈ ಕೊಟ್ಟ ಹಣ, ಕೆಲಸ ಮುಗಿದ ಮೇಲೆ ಇಬ್ಬರೂ ಸಮಾನರು. ನಮ್ಮ ತಾತಂದಿರಿಗೆ ಇದು ಸಿಗಲಿಲ್ಲ. ಆದ್ದರಿಂದ ರೇಟು ಕೇಳುವುದರಲ್ಲಿ ಸಂಕೋಚ ಬೇಡ. ಹೊಲಿಗೆಗೆ ಎಷ್ಟು ಗಂಟೆ ಹಿಡಿಯುತ್ತದೆ, ಸಾಮಾನಿಗೆ ಎಷ್ಟು ಎಂದು ಲೆಕ್ಕ ಹಾಕಿ ಕೇಳಬೇಕು. ಹೆಚ್ಚು ಕೇಳುವುದು ಹೇಗೆ ಸಮ್ಮಾ ಆಜೀವವಲ್ಲವೋ, ತನ್ನ ಕೈಗೆ ತಾನೇ ಬೆಲೆ ಇಲ್ಲವೆನ್ನುವುದೂ ಹಾಗೆಯೇ ಅಲ್ಲ.

ಆದರೆ "ಇದರಲ್ಲೇನಿದೆ" ಎಂಬ ಮಾತಿಗೆ ನನ್ನ ಒಪ್ಪಿಗೆ ಇಲ್ಲ. ಮಾರುಕಟ್ಟೆಗೆ ನೆನಪು ಕಡಿಮೆ. ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿತು. ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರಗಳೂ ಅದರಲ್ಲಿವೆ. ಅಥಣಿ, ನಿಪ್ಪಾಣಿ ಕಡೆಯ ಕೈಗಳು ಹೊಲಿದುಕೊಂಡು ಬಂದ ಚಪ್ಪಲಿ ಅದು. 2025ರ ಜೂನ್‌ನಲ್ಲಿ ಇಟಲಿಯ ಪ್ರಾಡಾ ಕಂಪನಿ ಮಿಲಾನ್‌ನ ಪ್ರದರ್ಶನದಲ್ಲಿ ಅದೇ ಮಾದರಿಯ ಚಪ್ಪಲಿ ತೋರಿಸಿತು. ಮೂಲ ಎಲ್ಲಿಯದು ಎಂದು ಒಪ್ಪಿಕೊಂಡದ್ದು ಇಲ್ಲಿಂದ ಪ್ರತಿಭಟನೆಯ ದನಿ ಎದ್ದ ಮೇಲೆ. ವಸ್ತುವಿಗೆ ಬೆಲೆ ಏರಿದ ಮಾತ್ರಕ್ಕೆ ಕೈಗೆ ಬೆಲೆ ಏರಿತು ಎಂದು ತಿಳಿಯಬಾರದು.

ಇನ್ನೊಂದು ಎಚ್ಚರಿಕೆ. "ಇದು ನಿಮ್ಮ ಪರಂಪರೆ, ರಕ್ತದಲ್ಲೇ ಇದೆ, ಹೆಮ್ಮೆಯಿಂದ ಮುಂದುವರಿಸಿ" ಎಂದು ಯಾರಾದರೂ ಹೊಗಳಿದರೆ ಹಿಗ್ಗಬೇಡಿ. ಜಾಡಮಾಲಿ ಕೆಲಸವನ್ನು ಪವಿತ್ರ ಸೇವೆ ಎಂದು ಹೊಗಳುವವರನ್ನು ಬಾಬಾಸಾಹೇಬರು ಕಟುವಾಗಿ ಟೀಕಿಸಿದ್ದರು. ಹಾಗೆ ಹೊಗಳುವವರು ತಮ್ಮ ಮಕ್ಕಳನ್ನು ಆ ಕೆಲಸಕ್ಕೆ ಕಳಿಸುವುದಿಲ್ಲ. ಅದೇ ಬಾಬಾಸಾಹೇಬರು 1948ರ ತಮ್ಮ 'ಅಸ್ಪೃಶ್ಯರು' ಗ್ರಂಥವನ್ನು ನಂದನಾರ್, ರವಿದಾಸ, ಚೋಖಾಮೇಳ ಇವರ ಸ್ಮರಣೆಗೆ ಅರ್ಪಿಸಿದರು. ರವಿದಾಸರು ಚರ್ಮದ ಕೆಲಸ ಮಾಡಿದವರು. ಅಲ್ಲಿ ಗೌರವ ಸಂದದ್ದು ಮನುಷ್ಯನಿಗೆ, ಹುಟ್ಟಿಗೆ ಅಂಟಿಸಿದ ಕಸುಬಿಗಲ್ಲ.

*5. ಹೊಲಿಗೆಯಲ್ಲಿರುವ ಶೀಲ*

ಕೆಲಸ ಹೇಗೆ ಮಾಡುತ್ತೀರಿ ಎಂದು ನಾನು ಆ ಉಪಾಸಕರನ್ನೇ ಕೇಳಿದೆ. ಅವರು ಹೇಳಿದ್ದರಲ್ಲಿ ನಮಗೆಲ್ಲ ಪಾಠವಿದೆ.

ಬಟ್ಟೆಗೆ ಸೂಜಿ ಚುಚ್ಚಿ ತೆಗೆದರೆ ನೂಲು ಮತ್ತೆ ಕೂಡಿಕೊಳ್ಳುತ್ತದೆ. ಚರ್ಮಕ್ಕೆ ಚುಚ್ಚಿದ ತೂತು ಮುಚ್ಚುವುದಿಲ್ಲ. ಹಾಗಾಗಿ ಚುಚ್ಚುವ ಮೊದಲೇ ಅಳತೆ, ಗುರುತು ಎಲ್ಲ ಮುಗಿದಿರಬೇಕು. ಜಿಪ್ಪನ್ನು ನೇರವಾಗಿ ಬ್ಯಾಗಿನ ಬಾಯಿಗೆ ಹೊಲಿಯುವುದಿಲ್ಲವಂತೆ. ತೆಳ್ಳಗೆ ಹೆರೆದ ಎರಡು ಚರ್ಮದ ಪಟ್ಟಿಗಳಿಗೆ ಜಿಪ್ ಹೊಲಿದು, ಆ ಪಟ್ಟಿಗಳನ್ನು ಬಾಯಿಯ ಒಳಗಡೆಗೆ, ಆದಷ್ಟೂ ಹಳೆಯ ತೂತುಗಳನ್ನೇ ಬಳಸಿ ಸೇರಿಸುತ್ತಾರೆ. ಕಾರಣ ಕೇಳಿದೆ. "ಚರ್ಮಕ್ಕಿಂತ ಮೊದಲು ಜಿಪ್ ಹಾಳಾಗುತ್ತೆ ಸರ್. ಹಲ್ಲು ಹೋಗುತ್ತೆ, ರನ್ನರ್ ಸಡಿಲ ಆಗುತ್ತೆ. ಪಟ್ಟಿಗೆ ಹಾಕಿದ್ರೆ ಮುಂದೆ ಯಾರಾದ್ರೂ ಬ್ಯಾಗಿಗೆ ಗಾಯ ಮಾಡದೆ ಬಿಚ್ಚಿ ಬೇರೆ ಹಾಕಬಹುದು" ಎಂದರು. ಒಂದೇ ದಾರದ ಎರಡು ತುದಿಗೆ ಎರಡು ಸೂಜಿ. ಪ್ರತಿ ತೂತಿನಲ್ಲೂ ಎರಡು ಕಡೆಯಿಂದ ಎರಡೂ ಸೂಜಿ ಹಾದುಹೋಗುತ್ತವೆ. ಒಂದು ಕಡೆ ದಾರ ಸವೆದು ತುಂಡಾದರೂ ಇನ್ನೊಂದು ಹಿಡಿದಿರುತ್ತದೆ.

ತಾನು ಮಾಡಿದ್ದು ಅನಿತ್ಯ ಎಂದು ತಿಳಿದು, ಮುಂದೆ ಬಿಚ್ಚುವವನಿಗೆ ದಾರಿ ಬಿಟ್ಟು ಹೊಲಿಯುವುದು. ಅನಿತ್ಯದ ಬಗ್ಗೆ ನಾವು ಗಂಟೆಗಟ್ಟಲೆ ಪ್ರವಚನ ಕೇಳುತ್ತೇವೆ. ಇಲ್ಲಿ ಅದು ಕೈಯ ಅಭ್ಯಾಸವಾಗಿದೆ.

ಇನ್ನೂ ಒಂದು ಮಾತು ಹೇಳಿದರು. ಜಿಪ್ ಹಾಕಿದರೆ ಬ್ಯಾಗಿನ ಬಾಯಿ ಸ್ವಲ್ಪ ಕಿರಿದಾಗುತ್ತದೆ, ದೊಡ್ಡ ಟಿಫಿನ್ ಬಾಕ್ಸ್ ಹಿಡಿಸಲಿಕ್ಕಿಲ್ಲ, ಹೊಸ ತೂತು ಬಿದ್ದರೆ ಅದು ಹಾಗೇ ಉಳಿಯುತ್ತದೆ. ಇದನ್ನೆಲ್ಲ ಮೇಡಂಗೆ ಮೊದಲೇ ಹೇಳಿ, ಅವರು ಒಪ್ಪಿದರೆ ಮಾತ್ರ ಕೈ ಹಾಕಬೇಕು. ಇದು ಸಮ್ಮಾ ವಾಚಾ. ಬೆಲೆ ಹೇಳುವ ಮೊದಲು ಮಿತಿ ಹೇಳುವುದು.

ನಾವು ಇದನ್ನು ಹಿಂದಕ್ಕೆ ಹೋಗುವುದು ಎನ್ನುತ್ತಿದ್ದೇವೆ. ಆದರೆ ಇಂದಿನ ಜಿಪ್ಪಿಗೆ ಅಮೆರಿಕದಲ್ಲಿ ಪೇಟೆಂಟ್ ಸಿಕ್ಕಿದ್ದೇ 1917ರಲ್ಲಿ. ನಮ್ಮ ಮುತ್ತಾತಂದಿರು ಹೊಲಿದ ಮೆಟ್ಟಿನಲ್ಲಿ, ಮಿಣಿಯಲ್ಲಿ ಅದು ಇರಲಿಲ್ಲ. ಮಗ ಮಾಡಲು ಹೊರಟಿರುವ ಕೆಲಸ ಅಪ್ಪ ಬಿಟ್ಟ ಕೆಲಸವಲ್ಲ. ಕೈಯ ತಿಳಿವಳಿಕೆ ಮಾತ್ರ ಅಪ್ಪನದು.

*6. ಯಾವ ನಾಚಿಕೆ?*

ಕೊನೆಗೆ ಉಳಿಯುವುದು ನಾಚಿಕೆಯ ಪ್ರಶ್ನೆ. "ಕಚೇರಿಯಲ್ಲಿ ಗೊತ್ತಾದರೆ ಏನಂದುಕೊಳ್ಳುತ್ತಾರೋ" ಎಂದು ಆ ಉಪಾಸಕರು ಬರೆದಿದ್ದರು. ಈ ಭಯ ಸುಳ್ಳಲ್ಲ. ಹೊಲಿಗೆ ಗೊತ್ತು ಎಂದ ಕೂಡಲೇ ಜಾತಿ ಲೆಕ್ಕ ಹಾಕುವವರು ಇದ್ದಾರೆ.

ಧಮ್ಮದಲ್ಲಿ ಹಿರಿ ಎಂಬ ಗುಣವನ್ನು ಲೋಕವನ್ನು ಕಾಯುವ ಗುಣ ಎನ್ನುತ್ತಾರೆ. ಹಿರಿ ಎಂದರೆ ಕೆಟ್ಟದ್ದನ್ನು ಮಾಡಲು ಪಡುವ ನಾಚಿಕೆ. ಕದಿಯಲು, ಸುಳ್ಳು ಹೇಳಲು, ಇನ್ನೊಬ್ಬರನ್ನು ನೋಯಿಸಲು ನಾಚಬೇಕು. ಹುಟ್ಟಿಗೆ, ಅಪ್ಪನ ಕೈಗೆ, ಪ್ರಾಮಾಣಿಕವಾದ ಹೊಲಿಗೆಗೆ ನಾಚುವುದು ಹಿರಿ ಅಲ್ಲ. ಅದು ಬೇರೆಯವರು ನಮ್ಮ ಮೇಲೆ ಹೊರಿಸಿದ ನಾಚಿಕೆ. ಕೀಳೆಂದವರು ನಾಚಬೇಕಾಗಿತ್ತು, ಕೆಲಸ ಮಾಡಿದವರಲ್ಲ.

ಭಂತೆ ನಾಗಸೇನರು ಮಿಲಿಂದ ರಾಜನಿಗೆ ರಥದ ಉದಾಹರಣೆ ಕೊಟ್ಟದ್ದು ನಮಗೆ ಗೊತ್ತು. ಚಕ್ರ ರಥವಲ್ಲ, ಅಚ್ಚು ರಥವಲ್ಲ. ಎಲ್ಲ ಸೇರಿದಾಗ ಇಟ್ಟ ಹೆಸರು ರಥ. ಬ್ಯಾಗಿಗೂ ಅದೇ ಮಾತು, ಮನುಷ್ಯನಿಗೂ ಅದೇ. ಆ ಉಪಾಸಕರು ಕಚೇರಿಯಲ್ಲಿ ಲೆಕ್ಕ ಬರೆಯುತ್ತಾರೆ, ಭಾನುವಾರ ನಮಗೆ ಸುತ್ತ ಓದಿ ಹೇಳುತ್ತಾರೆ, ಮಗಳಿಗೆ ಗಣಿತ ಹೇಳಿಕೊಡುತ್ತಾರೆ, ಚರ್ಮವನ್ನೂ ಹೊಲಿಯಬಲ್ಲರು. ಇವುಗಳಲ್ಲಿ ಒಂದನ್ನು ಮಾತ್ರ ಹೆಕ್ಕಿ, ಅದನ್ನೇ ಇಡೀ ಮನುಷ್ಯನ ಹೆಸರು ಮಾಡಿದ್ದು ಜಾತಿ. ಆ ಹೆಸರಿಗೆ ಹೆದರಿ ಒಂದು ಕೌಶಲವನ್ನು ಮುಚ್ಚಿಟ್ಟರೆ ನಾವೂ ಅದೇ ಲೆಕ್ಕವನ್ನು ಒಪ್ಪಿದ ಹಾಗೆ.

ನನ್ನ ಅಭಿಪ್ರಾಯ ಇಷ್ಟು. ಅವರು ಆ ಜಿಪ್ ಹಾಕಿಕೊಡಬಹುದು. ಮೊದಲು ಅಪ್ಪನ ಹತ್ತಿರ ಕೂತು ಮಾತನಾಡಲಿ. ಅನುಮತಿ ಪಡೆಯಲು ಅಂತಲ್ಲ, ಆ ಮನೆಯಲ್ಲಿ ನಿಂತುಹೋದ ಮಾತು ಮತ್ತೆ ಶುರುವಾಗಲಿ ಅಂತ. ಬೆಲೆಯನ್ನು ತಾವೇ ಹೇಳಲಿ. ಹೆದರಿಕೆಯಿಂದ ಒಪ್ಪುವುದೂ ಬೇಡ, ನಾಚಿಕೆಯಿಂದ ನಿರಾಕರಿಸುವುದೂ ಬೇಡ. ಮನಸ್ಸಿಲ್ಲದಿದ್ದರೆ ಕಾರಣ ಕೊಡದೆಯೂ "ಇಲ್ಲ ಮೇಡಂ" ಎನ್ನಲಿ. ಅದೂ ಧಮ್ಮವೇ. ಬಾಬಾಸಾಹೇಬರು ನಮಗೆ ಗೆದ್ದುಕೊಟ್ಟದ್ದು ಎರಡನ್ನೂ ಹೇಳುವ ಹಕ್ಕು.

*ಇಂದಿನ ಮನನಕ್ಕೆ*

• ನಾನು ಮಾಡುವ ಕೆಲಸಗಳಲ್ಲಿ "ಇಲ್ಲ" ಎನ್ನಲಾಗದೆ ಮಾಡುತ್ತಿರುವುದು ಯಾವುದು?

• ನನ್ನ ಹಿರಿಯರಿಗೆ ಗೊತ್ತಿದ್ದ ಯಾವ ಕೌಶಲದ ಬಗ್ಗೆ ನಮ್ಮ ಮನೆಯಲ್ಲಿ ಮಾತೇ ಆಡುವುದಿಲ್ಲ? ಏಕೆ?

• ನನ್ನ ಚಪ್ಪಲಿ ಹೊಲಿಯುವವರಿಗೆ, ಬೀದಿ ಗುಡಿಸುವವರಿಗೆ ನಾನು ಕೊಡುವ ಹಣದ ಜೊತೆ ಗೌರವವನ್ನೂ ಕೊಡುತ್ತಿದ್ದೇನೆಯೇ?

ಭಾನುವಾರದ ಸಭೆಯಲ್ಲಿ ಈ ಮೂರರ ಬಗ್ಗೆ ಮಾತನಾಡೋಣ. ಮನೆಯ ಹಿರಿಯರನ್ನೂ ಕರೆತನ್ನಿ, ಅವರ ಅನುಭವ ಕೇಳೋಣ.

ಸರ್ವರಿಗೂ ಮಂಗಳವಾಗಲಿ.
ಸಾಧು, ಸಾಧು, ಸಾಧು. ಜೈ ಭೀಮ್ 🙏